15ಸಿ0ಗೆ ಯಾವ ಸ್ವಿಚ್?

1978. ಯಂತ್ರದ ಕೋಣೆಯಲ್ಲಿ ಫ್ಯಾನುಗಳ ಮೊರೆತ. ನಿಮ್ಮೆದುರಿಗೆ ಪಿಡಿಪಿ-11/70, ಅದರ ಮುಂಭಾಗದಲ್ಲಿ ಗುಲಾಬಿ, ನೇರಳೆ ಸ್ವಿಚ್‌ಗಳು ಮೂರು ಮೂರಾಗಿ ಬಣ್ಣ ಬದಲಿಸುತ್ತ ಸಾಲುಗಟ್ಟಿವೆ. ಕೈಯಲ್ಲಿರುವ ಕಾಗದ ಮಾತ್ರ ವ್ಯಾಕ್ಸ್‌ನಿಂದ ಬಂದದ್ದು. ಎರಡೂ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯವೇ. ಆದರೆ ಹಿರಿಯದರ ಲೆಕ್ಕ ಆಕ್ಟಲ್, ಹಿಂದಿನ ವರ್ಷ ಬಂದ ಕಿರಿಯದರದು ಹೆಕ್ಸ್. ಕಾಗದದಲ್ಲಿ ಎರಡೇ ಸಂಖ್ಯೆ: 15ಸಿ0, 0040.

ದಶಮಾನಕ್ಕೆ ತಂದು 5568 ಮಾಡಿ, ಎಂಟರಿಂದ ಭಾಗಿಸುತ್ತ ಕೂರಬಹುದು. ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಸ್ವಿಚ್ ಮುಂದೆ ನಿಂತವರು ಯಾರೂ ಹಾಗೆ ಮಾಡುವುದಿಲ್ಲ. ನೀವು ಪೆನ್ಸಿಲ್ ತೆಗೆದು ಒಂದೊಂದು ಅಂಕಿಗೂ ನಾಲ್ಕು ಬಿಟ್ ಬರೆಯುತ್ತೀರಿ:

0001 0101 1100 0000

ಈಗ ಆ ಸಂದುಗಳನ್ನು ಮರೆತು ಮೂರು ಮೂರಾಗಿ ಕತ್ತರಿಸಬೇಕು. ಕೈ ಎಡಕ್ಕೇ ಓಡುತ್ತದೆ. ತಡೆಯಿರಿ! ಅಲ್ಲಿಂದ ಹೊರಟರೆ 053400 ಎಂಬ ಬೇರೆಯದೇ ಸಂಖ್ಯೆ ಹುಟ್ಟುತ್ತದೆ. ಹದಿನಾರು ಮೂರರಿಂದ ಭಾಗವಾಗದು. ಒಂಟಿಯಾಗಿ ಉಳಿಯುವ ಬಿಟ್ ಎಡತುದಿಯಲ್ಲೇ ಇರಬೇಕು. ಬಲದಿಂದ ಗೆರೆ ಎಳೆಯಿರಿ:

0 001 010 111 000 000

012700. ಪಿಡಿಪಿ ಬಲ್ಲವರ ಕಣ್ಣು ಇಲ್ಲಿ ಅರಳುತ್ತದೆ. 15ಸಿ0 ನೋಡಿದರೆ ಏನೂ ಹೊಳೆಯದು. ಆಕ್ಟಲ್‌ನಲ್ಲಿ ಸೂಚನೆ ತಾನಾಗಿ ಬಿಡಿಸಿಕೊಳ್ಳುತ್ತದೆ. 01 ಎಂದರೆ ‘ಮೂವ್’. 27 ಎಂದರೆ ಮುಂದಿನ ಪದದಲ್ಲಿರುವ ಬೆಲೆಯನ್ನೇ ತೆಗೆದುಕೋ. 00 ಎಂದರೆ ಸೊನ್ನೆಯ ರಿಜಿಸ್ಟರಿಗೆ ಹಾಕು. ಈ ಯಂತ್ರಕ್ಕೆ ರಿಜಿಸ್ಟರ್ ಎಂಟು, ವಿಳಾಸ ಹೇಳುವ ಬಗೆಯೂ ಎಂಟು. ಎರಡಕ್ಕೂ ಮೂರು ಮೂರು ಬಿಟ್ ಸಾಕು. ಆಕ್ಟಲ್ ಇಲ್ಲಿ ಹಳೆಯ ಚಟವಲ್ಲ, ಯಂತ್ರದ ಮೈಕಟ್ಟೇ ಹಾಗಿದೆ.

ಹೆಕ್ಸ್ ಗೆದ್ದದ್ದು ಬೈಟಿನಲ್ಲಿ. ಎಂಟು ಬಿಟ್ ಎಂದರೆ ನೆಟ್ಟಗೆ ಎರಡು ಹೆಕ್ಸ್ ಅಂಕಿ. 15, ಸಿ0 ಎಂದು ಬಿಡಿಸಿದರೂ ಕೂಡಿಸಿದರೂ ಅವೇ ಅಂಕಿಗಳು. ಅದೇ ಎರಡು ಬೈಟನ್ನು ಆಕ್ಟಲ್‌ನಲ್ಲಿ ಬೇರೆ ಬೇರೆ ಬರೆದರೆ 025, 300. ಪಕ್ಕಪಕ್ಕ ಇಟ್ಟರೂ 012700ರ ಸುಳಿವು ಸಿಗದು. ಬೈಟುಗಳನ್ನೇ ಎಣಿಸುವ ಕಾಲಕ್ಕೆ ಈ ರಗಳೆ ಯಾರಿಗೆ ಬೇಕಿತ್ತು?

ಸರಿ, ಸ್ವಿಚ್‌ಗೆ ಬನ್ನಿ. ಮೊದಲು ವಿಳಾಸ: 001000. ‘ಲೋಡ್ ಅಡ್ರೆಸ್’ ಒತ್ತಿ. ಆಮೇಲೆ 012700: ಬಣ್ಣದ ಗುಂಪಿಗೊಂದು ಅಂಕಿ, ಒಟ್ಟು ಐದು ಸ್ವಿಚ್ ಮೇಲೆ. ‘ಡೆಪಾಸಿಟ್’ ಮಾತ್ರ ಒತ್ತುವುದಲ್ಲ, ಮೇಲೆತ್ತುವುದು. ಮುಂದಿನದು 0040. ಬಿಟ್ ಬರೆಯುವ ಅಗತ್ಯವೂ ಇಲ್ಲ; ಬಲದಿಂದ ಏಳನೆಯ ಸ್ವಿಚ್ ಒಂದೇ ಮೇಲೆ, 000100. ವಿಳಾಸವನ್ನು ಮತ್ತೆ ಹೇಳಬೇಕಿಲ್ಲ, ಯಂತ್ರವೇ ಎರಡು ಬೈಟ್ ಮುಂದೆ ಸರಿಯುತ್ತದೆ. ಎತ್ತಿ.