ಉಪ್ಪುಗಾಳಿಯ ದಾರಿಯಲ್ಲಿ ವೆಲ್ಡರ್‌ನ ಹುಡುಕಾಟ

ಮರವಂತೆಗೆ ಬಂದವರು ಕಾರು ನಿಲ್ಲಿಸದೆ ಮುಂದೆ ಹೋಗುವುದು ಕಡಿಮೆ. ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಮಳೆಗಾಲದಲ್ಲಿ ಅಲೆಯ ತುಂತುರು ಗಾಜಿಗೆ ಸಿಡಿದರೆ ಮಕ್ಕಳಿಗೆ ಹಿಗ್ಗೋ ಹಿಗ್ಗು. ಇದೇ ದಾರಿಯಲ್ಲಿ ವರ್ಷಗಟ್ಟಲೆ ಶಾಲೆಗೆ ಓಡಾಡಿದ ನನಗೆ ಮಾತ್ರ ಅದು ಒಣಗಿದ ಮೇಲೆ ಉಳಿಯುವ ಬಿಳಿ ಕಲೆಯದೇ ಚಿಂತೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಕಬ್ಬಿಣಕ್ಕೆ ನೀರು, ಆಮ್ಲಜನಕ ಸೇರಿದರೆ ತುಕ್ಕು. ಜತೆಗೆ ಉಪ್ಪೂ ಇದ್ದರೆ ಆ ತೇವದಲ್ಲಿ ವಿದ್ಯುತ್ ಸಲೀಸಾಗಿ ಹರಿದು, ತುಕ್ಕಿನ ಕೆಲಸ ಇನ್ನಷ್ಟು ಚುರುಕು.

ಈ ಪಾಠ ನನ್ನ ಹಳೆಯ ಮಾರುತಿ 800ರ ಮೇಲೆಯೇ ನಡೆದಿತ್ತು. ಮಗಳು ಡ್ರೈವಿಂಗ್ ಕಲಿತು, ‘ಅಪ್ಪಯ್ಯ, ಇನ್ನು ಕಾಲೇಜಿಗೆ ಕಾರಿನಲ್ಲೇ ಹೋಗುತ್ತೇನೆ’ ಎಂದಾಗ ಒಮ್ಮೆ ಪರೀಕ್ಷಿಸೋಣವೆಂದು ಮ್ಯಾಟ್ ಎತ್ತಿದೆ. ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದಂತೆ ಮುರಿದು ರಸ್ತೆ ಕಾಣಿಸಿತು! ಎರಡು ವರ್ಷದ ಹಿಂದೆ ಒಂದು ಶೆಡ್ಡಿನಲ್ಲಿ ಅದೇ ಜಾಗಕ್ಕೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ‘ರಿಪೇರಿ’ ಎಂದು ಹಣ ಪಡೆದಿದ್ದರು. ಈ ಕಾರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ತಗಡಿನ ಕವಚವೇ ಅದರ ಎಲುಬು. ಸೀಟು, ಸೀಟ್‌ಬೆಲ್ಟ್ ಬೋಲ್ಟುಗಳ ಆಸರೆಯೂ ಅದೇ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತ್ರಾಸಿ, ಹೆಮ್ಮಾಡಿ, ತಲ್ಲೂರು ದಾಟಿ ಕುಂದಾಪುರದತ್ತ ಹೊರಟೆ. ದಾರಿಯಲ್ಲಿ ಮೊದಲು ಸಿಕ್ಕವರು ಗೇಟು, ಗ್ರಿಲ್ ಮಾಡುವವರು. ‘ಐದು ನಿಮಿಷದ ಕೆಲಸ’ ಎಂದರು. ಕಾರಿನ ತಗಡು ಒಂದು ಮಿಲಿಮೀಟರಿಗೂ ಕಡಿಮೆ ದಪ್ಪ. ಗೇಟಿಗೆ ಬಳಸುವ ಎಲೆಕ್ಟ್ರೋಡ್ ಹಿಡಿದರೆ ಬೆಸುಗೆಗಿಂತ ತೂತೇ ದೊಡ್ಡದಾದೀತು. ಎರಡನೆಯವರದು ಗ್ಯಾಸ್ ವೆಲ್ಡಿಂಗ್. ನುರಿತ ಕೈಯಾದರೆ ಅದೂ ಚೆನ್ನಾಗಿಯೇ ಕೂಡಿಸುತ್ತದೆ. ಆದರೆ ಆಕ್ಸಿ-ಅಸಿಟಿಲೀನ್ ಜ್ವಾಲೆಯ ಉಷ್ಣತೆ 3000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಶಾಖ ಅಗಲಕ್ಕೆ ಹರಡಿ, ತಗಡು ಹಿಗ್ಗಿ, ತಣಿಯುವಾಗ ಸೊಟ್ಟಗಾಗುವ ಭಯ.

ಸೇತುವೆ ದಾಟಿದ ಮೇಲೆ ಸಿಕ್ಕಿದ ಮೂರನೆಯ ಶೆಡ್ಡಿನವರು ದರ ಹೇಳಲಿಲ್ಲ. ಸುತ್ತಿಗೆ ತೆಗೆದುಕೊಂಡು ಅಡಿಭಾಗವನ್ನೆಲ್ಲ ತಟ್ಟಿ ನೋಡಿದರು. ‘ಮಾಷ್ಟ್ರೇ, ತುಕ್ಕಿಗೆ ವೆಲ್ಡ್ ಹಿಡಿಯುವುದಿಲ್ಲ. ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಬೇಕು. ಎಷ್ಟಾಗುತ್ತದೆಂದು ಆಮೇಲೆ ಹೇಳುತ್ತೇನೆ.’ ನಾನು ಕೇಳಿದ್ದಕ್ಕೆ ಅಷ್ಟೇ ದಪ್ಪದ ಎರಡು ತುಂಡು ಬೆಸೆದು, ವೈಸಿಗೆ ಕಚ್ಚಿಸಿ ಬಡಿದರು. ತಗಡು ಬಾಗಿತು, ಬೆಸುಗೆ ಬಿಡಲಿಲ್ಲ.

ಅವರದು ಸಿಓಟು ವೆಲ್ಡಿಂಗ್. ಸಪೂರ ತಂತಿ ತಾನಾಗಿ ಹೊರಬಂದು ಕರಗುತ್ತದೆ. ಸುತ್ತ ಹರಿಯುವ ಇಂಗಾಲದ ಡೈಆಕ್ಸೈಡ್ ಕರಗಿದ ಲೋಹಕ್ಕೆ ಹೊರಗಿನ ಗಾಳಿ ತಾಗದಂತೆ ಮರೆ ಕಟ್ಟುತ್ತದೆ. ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದರು, ಸೀಟು-ಮ್ಯಾಟು ಹೊರಗಿಟ್ಟರು, ಪೆಟ್ರೋಲ್ ಪೈಪು ಎಲ್ಲಿದೆಯೆಂದು ನೋಡಿಕೊಂಡರು, ಪಕ್ಕದಲ್ಲಿ ಬಕೆಟ್ ನೀರಿಟ್ಟರು. ಕಡಲ ಕಡೆಯ ಬಾಗಿಲನ್ನೂ ಎಳೆದರು. ‘ಗಾಳಿ ಬೀಸಿದರೆ ಗ್ಯಾಸ್ ಹಾರಿಹೋಗಿ ಬೆಸುಗೆ ತೂತು ತೂತಾಗುತ್ತದೆ’ ಎಂದರು. ಬಳಿಕ ದರ್ಜಿ ಕಚ್ಚಾ ಹೊಲಿಗೆ ಹಾಕುವಂತೆ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ತಣಿಯಲು ಬಿಟ್ಟು ಮತ್ತೆ ನಡುವೆ ಒಂದು. ಕೊನೆಗೆ ಪ್ರೈಮರ್, ಸಂದಿಗೆ ಸೀಲರ್, ಒಳಗಿನ ಟೊಳ್ಳಿಗೆ ಮೇಣದ ಲೇಪ. ನೀರು ಹರಿಯುವ ರಂಧ್ರಗಳನ್ನು ಮಾತ್ರ ಮುಚ್ಚಲಿಲ್ಲ.

ಪೋಷಕರೇ, ವೆಲ್ಡರ್‌ನನ್ನು ಆರಿಸುವಾಗ ಯಂತ್ರ ನೋಡಿ, ಅದಕ್ಕಿಂತ ಮೊದಲು ಆತ ಏನು ಕೇಳುತ್ತಾನೆ, ಏನು ಬಿಚ್ಚುತ್ತಾನೆ ಎಂಬುದನ್ನು ನೋಡಿ. ಬಣ್ಣ ಬಳಿಯುವ ಮುನ್ನ ಬೆಸುಗೆ ತೋರಿಸಲು ಹೇಳಿ. ಮಕ್ಕಳೇ, ಆ ಕಿಡಿಯ ಬೆಳಕನ್ನು ಬರಿಗಣ್ಣಿನಿಂದ ನೋಡಬೇಡಿ. ಅದರ ಅತಿನೇರಳೆ ಕಿರಣ ಕಣ್ಣನ್ನು ಸುಡುತ್ತದೆ.

ಹಿಂದಿರುಗುವಾಗ ಸ್ಟೀರಿಂಗ್ ಹಿಡಿದವಳು ಮಗಳು. ಮರವಂತೆಯಲ್ಲಿ ಎಂದಿನಂತೆ ತುಂತುರು ಸಿಡಿಯಿತು. ಮನೆಗೆ ಬಂದವಳೇ, ನಾನು ಹೇಳುವ ಮೊದಲೇ, ಬಾವಿಯ ಸಿಹಿನೀರು ಹಿಡಿದು ಕಾರಿನ ಅಡಿಭಾಗ ತೊಳೆಯತೊಡಗಿದಳು.