ಮಳೆಗಾಲದ ಪೆಲ್ಲೆಟ್‌ಗಳು

ಜೂನ್ 14
ಬೆಳಗ್ಗಿನಿಂದ ಒಂದೇ ಸಮನೆ ಮಳೆ. ಹಂಪನಕಟ್ಟೆಯಲ್ಲಿ ಬಸ್ಸಿಳಿದವಳು ನೇರ ಲ್ಯಾಬಿಗೆ ಹೋಗಿ ಡೆಸಿಕೇಟರ್ ನೋಡಿದೆ. ನಿನ್ನೆ ನೀಲಿಯಿದ್ದ ಸಿಲಿಕಾ ಜೆಲ್ ಅಂಚಿನಲ್ಲಿ ಆಗಲೇ ಗುಲಾಬಿಗೆ ತಿರುಗಿತ್ತು. ಓವನ್ನಿನಲ್ಲಿ ಒಣಗಿಸಿ ಮತ್ತೆ ತುಂಬಿಸಿದೆವು.

ಒಳಗಿರುವುದು ಎಂಎಸ್ಸಿ ಹುಡುಗಿ ಪ್ರಾಜೆಕ್ಟಿಗೆಂದು ಮಾಡಿದ ಇಟ್ರಿಯಂ–ಬೇರಿಯಂ–ತಾಮ್ರದ ಆಕ್ಸೈಡ್. ಅಗೇಟ್ ಕಲ್ಲಿನಲ್ಲಿ ಅರೆದು, 900 ಡಿಗ್ರಿಗೂ ಮೇಲೆ ಸುಟ್ಟು, ಆಮ್ಲಜನಕ ಹಾಯಿಸಿದ ಕಪ್ಪು ಬಿಲ್ಲೆಗಳು. 92 ಕೆಲ್ವಿನ್‌ಗೆ ಇಳಿದರೆ ಸೂಪರ್‌ಕಂಡಕ್ಟರ್ ಆಗುತ್ತವೆ. ದ್ರವ ಸಾರಜನಕ 77ರದ್ದು, ಅಷ್ಟೇ ಸಾಕು. ಇವುಗಳ ವೈರಿ ನೀರಾವಿ. ಅದು ತಗಲಿದರೆ ಬೇರಿಯಂ ಹೈಡ್ರಾಕ್ಸೈಡ್, ತಾಮ್ರದ ಆಕ್ಸೈಡ್ ಮತ್ತು ಎಲ್ಲರೂ ‘ಗ್ರೀನ್ ಫೇಸ್’ ಎನ್ನುವ ಹಸಿರು ಪದಾರ್ಥವಾಗಿ ಒಡೆಯುತ್ತವೆ. ಮಂಗಳೂರಿನ ಜೂನ್ ತಿಂಗಳಿಗಿಂತ ಕಠಿಣ ಪರೀಕ್ಷೆ ಇವಕ್ಕೆ ಬೇಕಿಲ್ಲ.

ಜೂನ್ 25
ಮುಂಬೈ ಐಐಟಿಗೆ ಕಳಿಸಿದ್ದ ಸ್ಯಾಂಪಲ್‌ನ ಇಎಸ್‌ಆರ್ (ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್) ಗ್ರಾಫ್ ಬಂತು. ಹುಡುಗಿಯ ಮುಖ ಸಪ್ಪಗಾಯಿತು.

“ಮೇಡಂ, 3,000 ಗಾಸ್ ಆಚೆ ಏನೂ ಇಲ್ಲ. ಮೆಷಿನ್ ಸರಿ ಉಂಟಾ?”

“ಮೆಷಿನ್ ಸರಿ ಉಂಟು. ಏನೂ ಇಲ್ಲದ್ದೇ ಒಳ್ಳೆಯ ಸುದ್ದಿ.”

ಕುಳ್ಳಿರಿಸಿ ವಿವರಿಸಿದೆ. ಜೋಡಿಯಿಲ್ಲದ ಎಲೆಕ್ಟ್ರಾನಿನ ಶಕ್ತಿಮಟ್ಟ ಕಾಂತಕ್ಷೇತ್ರದಲ್ಲಿ ಎರಡಾಗಿ ಸೀಳುತ್ತದೆ, 9.5 ಗಿಗಾಹರ್ಟ್ಸ್ ಮೈಕ್ರೋವೇವ್ ಆದರೆ ಸುಮಾರು 3,400 ಗಾಸ್‌ನಲ್ಲಿ ಎಲೆಕ್ಟ್ರಾನ್ ಅದನ್ನು ಹೀರುತ್ತದೆ. ತಾಮ್ರದ್ದು ಇನ್ನೂ ಸ್ವಲ್ಪ ಕೆಳಗೆ. ಆದರೆ ಶುದ್ಧ ಪೆಲ್ಲೆಟ್‌ನಲ್ಲಿ ತಾಮ್ರದ ಸ್ಪಿನ್‌ಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಗೆರೆ ಕಾಣಿಸುವುದೇ ಇಲ್ಲ. ಕಂಡರೆ ಅದು ಹೆಚ್ಚಾಗಿ ಗ್ರೀನ್ ಫೇಸಿನದು.

ಸ್ಕ್ಯಾನ್ ಸೊನ್ನೆ ಗಾಸ್‌ನಿಂದಲೇ ಶುರುವಾಗಲಿ ಎಂದು ಫಾರ್ಮಿನಲ್ಲಿ ಒತ್ತಿ ಬರೆದಿದ್ದೆ. ಅಲ್ಲಿತ್ತು ನಿಜವಾದ ಫಸಲು. ತಣಿಸಿದ ಪೆಲ್ಲೆಟ್ ಸೊನ್ನೆಯ ಬಳಿಯಲ್ಲೇ ಎತ್ತರದ ಸಿಗ್ನಲ್ ಕೊಟ್ಟಿದೆ, ಅದೂ ಸ್ಪಿನ್‌ನ ಗೆರೆಗೆ ತಿರುಗುಮುರುಗಾಗಿ. ಕ್ಷೇತ್ರ ಸೊನ್ನೆಯಾದಾಗ ಹೀರುವಿಕೆ ಅತಿ ಕಡಿಮೆ, ಕ್ಷೇತ್ರ ಏರಿದಂತೆ ಅದೂ ಏರುತ್ತದೆ. ಇದು ಸ್ಪಿನ್‌ನ ಕೆಲಸವಲ್ಲ. ಹರಳುಕಣಗಳ ನಡುವಿನ ದುರ್ಬಲ ಸಂದುಗಳಲ್ಲಿ ಸೂಪರ್‌ಕರೆಂಟ್ ಸಡಿಲಗೊಳ್ಳುವ ಗುರುತು.

ಜೂನ್ 27
ರಾತ್ರಿ ಕರೆಂಟಿಲ್ಲ, ಎಮರ್ಜೆನ್ಸಿ ಲೈಟಿನಲ್ಲಿ ಹಳೆಯ ಪ್ರಬಂಧಗಳನ್ನು ಓದಿದೆ. ಸೊನ್ನೆಯ ಬಳಿಯ ಈ ಸಿಗ್ನಲ್ ಬಗ್ಗೆ ಮೊದಮೊದಲು ಬರೆದವರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯವರೂ ಇದ್ದಾರೆ: ಎಸ್. ವಿ. ಭಟ್, ಪಿ. ಗಂಗೂಲಿ, ಟಿ. ವಿ. ರಾಮಕೃಷ್ಣನ್, ಸಿ. ಎನ್. ಆರ್. ರಾವ್, 1987ರಲ್ಲಿ. ಅದೇ ವರ್ಷ ಜೂರಿಕ್‌ನಿಂದ ಬ್ಲೇಜಿ, ಮ್ಯುಲ್ಲರ್, ಬೆಡ್ನೋರ್ಜ್ ತಂಡವೂ ಬರೆಯಿತು. ಕಬ್ಬಿಣದ ಅಯಾನುಗಳ ಇಎಸ್‌ಆರ್ ಮೇಲೆಯೇ ಡಾಕ್ಟರೇಟ್ ಮಾಡಿದ ಮ್ಯುಲ್ಲರ್‌ಗೆ ನೊಬೆಲ್ ಬಂದದ್ದು ತಾಮ್ರದ ಆಕ್ಸೈಡುಗಳಿಂದ. ಹಳೆಯ ಉಪಕರಣವನ್ನು ಹೊಸ ಪದಾರ್ಥಕ್ಕೆ ತಿರುಗಿಸಲು ಇಂಥ ಕೈಯೇ ಬೇಕಿತ್ತು. ನಮ್ಮ ಬಿಎಸ್ಸಿ ಪಾಠದಲ್ಲಿ ಬೆಂಗಳೂರಿನ ಈ ಹೆಸರುಗಳು ಬರುವುದೇ ಇಲ್ಲ. ಈ ವರ್ಷದಿಂದ ನಾನು ಹೇಳುತ್ತೇನೆ.

ಜುಲೈ 9
ಹುಡುಗಿ ಇವತ್ತು ಕೇಳಿದ್ದು: ಸೂಪರ್‌ಕಂಡಕ್ಟರ್ ಕಾಂತಕ್ಷೇತ್ರವನ್ನು ಹೊರಗೆ ತಳ್ಳುವುದಾದರೆ 3,400 ಗಾಸ್‌ನಲ್ಲಿ ಒಳಗೆ ಏನಿರುತ್ತದೆ? ಸುಳಿಗಳಿರುತ್ತವೆ. 1957ರಲ್ಲಿ ಅಬ್ರಿಕೊಸೊವ್ ಲೆಕ್ಕ ಹಾಕಿ ತೋರಿಸಿದಂತೆ ಕ್ಷೇತ್ರ ಸಣ್ಣ ಸಣ್ಣ ಸುಳಿಗಳಾಗಿ ಒಳಹೊಗುತ್ತದೆ. ಪ್ರತಿ ಸುಳಿಯಲ್ಲೂ ಒಂದೇ ಅಳತೆಯ ಫ್ಲಕ್ಸ್. ಇಬ್ಬರೂ ಸೇರಿ ಲೆಕ್ಕ ಮಾಡಿದೆವು. ಈ ಕ್ಷೇತ್ರದಲ್ಲಿ ಸುಳಿಯಿಂದ ಸುಳಿಗೆ ಸುಮಾರು 80 ನ್ಯಾನೋಮೀಟರ್.

ಈ ಸುಳಿಗಳನ್ನು ಇಎಸ್‌ಆರ್‌ನಲ್ಲಿ ಹಿಡಿಯುವ ಉಪಾಯ ನನಗೆ ಬಹಳ ಇಷ್ಟ. ಪೆಲ್ಲೆಟ್ ಮೇಲೆ ಡಿಪಿಪಿಎಚ್ ಎಂಬ, ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಪದಾರ್ಥವನ್ನು ತೆಳ್ಳಗೆ ಸವರುವುದು. ಅದರ ಗೆರೆ ಚೂಪು. ಕೆಳಗಿನ ಪದಾರ್ಥ ಸೂಪರ್‌ಕಂಡಕ್ಟರ್ ಆದೊಡನೆ ಮೇಲ್ಮೈಯ ಕ್ಷೇತ್ರ ಏರುಪೇರಾಗಿ ಗೆರೆ ಅಗಲವಾಗುತ್ತದೆ. ಆ ಅಗಲವೇ ಕ್ಷೇತ್ರದ ನಕ್ಷೆ.

ಜುಲೈ 20
ಬೇಕೆಂದೇ ಮೇಜಿನ ಮೇಲೆ ತೆರೆದಿಟ್ಟಿದ್ದ ಪೆಲ್ಲೆಟ್‌ನ ಗ್ರಾಫ್ ಬಂದಿದೆ. ತಾಮ್ರದ ಗೆರೆ ನಿಚ್ಚಳ. ಸೊನ್ನೆಯ ಬಳಿಯ ಸಿಗ್ನಲ್ ಕುಗ್ಗಿದೆ. ಕಣ್ಣಿಗೆ ಮಾತ್ರ ಅದು ಇನ್ನೂ ಅದೇ ಕಪ್ಪು ಬಿಲ್ಲೆ. ಈ ಕರಾವಳಿಯ ಗಾಳಿಯಲ್ಲಿ ಸೂಪರ್‌ಕಂಡಕ್ಟರ್ ಮಾಡಹೊರಟವರು ಮೊದಲು ನೋಡಬೇಕಾದದ್ದು ಈ ಎರಡು ಗೆರೆಗಳನ್ನು ಎಂದು ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟದಲ್ಲೇ ಬರೆಸುತ್ತೇನೆ. ಮುಂದಿನ ಬ್ಯಾಚಿನ ಅರ್ಧವನ್ನು ಗಾಜಿನ ಕೊಳವೆಯಲ್ಲಿ ಸೀಲ್ ಮಾಡಿಸಬೇಕು; ಇನ್ನರ್ಧಕ್ಕೆ ಡಿಪಿಪಿಎಚ್ ಸವರಿ ಕಳಿಸಬೇಕು.