ಟೈಲ್ಸ್ ಸಂದಿನ ಮಧ್ಯಾಹ್ನ

"ಅಪ್ಪಾ, ಹನ್ನೆರಡು ಗಂಟೆ ಆಯ್ತು, ಊಟಕ್ಕೆ ಏಳಿ" ಅಂದರೆ "ಇನ್ನೂ ಮಧ್ಯಾಹ್ನ ಆಗಿಲ್ಲ ಮಗು" ಅನ್ನುತ್ತಿದ್ದರು. ಸೀವುಡ್ಸ್‌ನ ನಮ್ಮ ನಾಲ್ಕನೇ ಮಹಡಿಯ ಹಾಲಿನಲ್ಲಿ, ದಕ್ಷಿಣದ ಕಿಟಕಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ನೆಲ ನೋಡುತ್ತ ಕೂತಿರುತ್ತಿದ್ದರು. ನವೆಂಬರ್‌ನಲ್ಲಿ 12.20ರ ಸುಮಾರಿಗೆ ಎದ್ದು ಆಹ್ನಿಕಕ್ಕೆ ಹೋಗುತ್ತಿದ್ದವರು ಫೆಬ್ರವರಿಯಲ್ಲಿ 12.50 ಆದರೂ ಏಳುತ್ತಿರಲಿಲ್ಲ. ಅಮ್ಮ ಹೋದ ಮೇಲೆ ಗವೀಪುರದ ಮನೆ ಖಾಲಿ ಮಾಡಿಸಿ ಅವರನ್ನು ಇಲ್ಲಿಗೆ ಕರೆತಂದಿದ್ದೆ. ಹೆಸರುಗಳು ಮರೆಯುವುದು ಅಷ್ಟರಲ್ಲೇ ಶುರುವಾಗಿತ್ತು. ಇದೂ ಅದರದೇ ಭಾಗ ಅಂದುಕೊಂಡೆ. "ಇವರಿಗೆ ಹೊತ್ತು ಗೊತ್ತಾಗ್ತಿಲ್ಲ" ಎಂದು ಡಾಕ್ಟರಿಗೆ ಅವರೆದುರೇ ಹೇಳಿದೆ. ಡಾಕ್ಟರು ಬರೆದುಕೊಂಡರು. ಅಪ್ಪ ಏನೂ ಅನ್ನಲಿಲ್ಲ.

ಆ ಫೆಬ್ರವರಿಯ ಒಂದು ದಿನ ಯಾಕೋ ಅವರ ಪಕ್ಕದಲ್ಲೇ ಕೂತೆ. ಗ್ರಿಲ್ಲಿನ ನೇರ ಸರಳಿನ ನೆರಳು ನೆಲದ ಮೇಲೆ ಓರೆಯಾಗಿ ಬಿದ್ದಿತ್ತು. ಮೆಲ್ಲಗೆ ತಿರುಗುತ್ತ ತಿರುಗುತ್ತ ಟೈಲ್ಸಿನ ಸಂದಿನ ಮೇಲೆ ಸರಿಯಾಗಿ ಕೂತಿತು. "ಈಗ" ಅಂದು ಎದ್ದರು. ಫೋನ್ ನೋಡಿದೆ: 12.52.

ಅವರ ಲೆಕ್ಕ ಸರಿಯಾಗಿತ್ತು. ನಮ್ಮ ಗಡಿಯಾರ ನಡೆಯುವುದು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಮೇಲೆ. ಸೀವುಡ್ಸ್ ಇರುವುದು 73ರ ಬಳಿ. ಹಾಗಾಗಿ ಸೂರ್ಯ ಇಲ್ಲಿ ನೆತ್ತಿಗೆರೆ ದಾಟುವುದು ಸರಾಸರಿ 38 ನಿಮಿಷ ತಡವಾಗಿ. (ಮುಂಬೈ 1955ರವರೆಗೂ ತನ್ನದೇ ಸಮಯ ಇಟ್ಟುಕೊಂಡಿತ್ತು, ಅದೂ 39 ನಿಮಿಷ ಹಿಂದೆ.) ಭೂಮಿಯ ಓರೆ ಅಕ್ಷ, ಸಮವಲ್ಲದ ಓಟ ಇವೆರಡೂ ಸೇರಿ ಆ ಹೊತ್ತನ್ನು ಮತ್ತೆ ಹಿಂದೆ ಮುಂದೆ ಎಳೆಯುತ್ತವೆ: ನವೆಂಬರ್ ಮೊದಲ ವಾರ 12.22, ಫೆಬ್ರವರಿ ನಡುವೆ 12.52. ಅಪ್ಪನ 'ಮರೆವು' ಪಂಚಾಂಗದಷ್ಟು ಖಚಿತವಾಗಿತ್ತು.

ಇದನ್ನೇ ದೊಡ್ಡದಾಗಿ ಮಾಡಿದವರು ಇಟಲಿಯ ಚರ್ಚಿನವರು. ಈಸ್ಟರ್ ಯಾವತ್ತು ಎಂದು ಗೊತ್ತುಮಾಡಲು ವಿಷುವದ ದಿನ ಖಚಿತವಾಗಿ ತಿಳಿಯಬೇಕು. ಅದಕ್ಕೆ ಕತ್ತಲೆಯ ದೊಡ್ಡ ಕಟ್ಟಡ, ಎತ್ತರದಲ್ಲೊಂದು ತೂತು, ನೆಲದಲ್ಲೊಂದು ಉತ್ತರ ದಕ್ಷಿಣ ಗೆರೆ ಸಾಕು. ಬೊಲೋನ್ಯಾದ ಸ್ಯಾನ್ ಪೆಟ್ರೋನಿಯೋದಲ್ಲಿ ಎಗ್ನಾಜಿಯೋ ದಾಂತಿ 1570ರ ದಶಕದಲ್ಲಿ ಅಂಥದ್ದೊಂದು ಮಾಡಿದ್ದ. ಚರ್ಚು ವಿಸ್ತರಿಸುವಾಗ ಅವನ ತೂತಿದ್ದ ಗೋಡೆಯನ್ನೇ ಕೆಡವಿದರು. 1655ರಲ್ಲಿ ಕ್ಯಾಸಿನಿ ಹೊಸದು ಹಾಕಿದ. ಕಂಬಗಳು ಅಡ್ಡ ಬರುತ್ತವೆ, ಆಗದು ಅಂದವರಿದ್ದರು. ಅವನ ಗೆರೆ ಕಂಬಗಳ ಪಕ್ಕದಲ್ಲೇ ನುಸುಳಿಕೊಂಡು ಹೋಯಿತು. ತೂತು 27 ಮೀಟರ್ ಎತ್ತರದಲ್ಲಿ, ಗೆರೆ ಸುಮಾರು 67 ಮೀಟರ್ ಉದ್ದ. ಅಲ್ಲಿ ಬಿದ್ದ ಬಿಂಬದ ಗಾತ್ರ ಅಳೆದಳೆದು ಅವನು ಕೆಪ್ಲರನ ಲೆಕ್ಕದ ಪರವಾಗಿ ಪುರಾವೆ ಒದಗಿಸಿದ. ಗೆಲಿಲಿಯೋಗೆ ಶಿಕ್ಷೆ ಕೊಟ್ಟು ಆಗಿನ್ನೂ 22 ವರ್ಷ. ನನಗಂತೂ ಇದನ್ನು ಓದಿ ನಗು ಬಂತು.

ನಾನೂ ಹಳೇ ಮದುವೆ ಕಾಗದವೊಂದಕ್ಕೆ ತೂತು ಕೊರೆದು ಕಿಟಕಿಗೆ ಅಂಟಿಸಿದೆ. ನಾಲ್ಕಾಣೆಯಷ್ಟು ಬಿಸಿಲು ಬಿತ್ತು. ನಮ್ಮ ಗೆರೆ ಒಂದೂವರೆ ಅಡಿ. ಫೆಬ್ರವರಿ ಕಳೆದರೆ ಸಜ್ಜಾ ಬಿಸಿಲನ್ನು ತಡೆಯುತ್ತದೆ, ಮತ್ತೆ ಬರುವುದು ಅಕ್ಟೋಬರ್‌ಗೆ. ಮುಂದಿನ ಚಳಿಗಾಲವಿಡೀ ಅಪ್ಪ ಪೆನ್ಸಿಲ್‌ನಲ್ಲಿ ಗುರುತು ಹಾಕಿದರು. ಜನವರಿಯ ಚುಕ್ಕೆ ನವೆಂಬರಿನದರ ಮೇಲೇ ಬಂದು ಕೂತಾಗ ಅವರಿಗೆ ಗವಿ ಗಂಗಾಧರೇಶ್ವರ ನೆನಪಾಯಿತು. ಸಂಕ್ರಾಂತಿಯ ಸಂಜೆ ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುವ ಬಿಸಿಲಿಗೆ ಜನಜಾತ್ರೆ. "ನವೆಂಬರ್ ಕೊನೆಗೂ ಬರುತ್ತೆ. ಆಗ ಯಾರೂ ಇರಲ್ಲ. ನಾನು, ನಿಮ್ಮಮ್ಮ ಹೋಗ್ತಿದ್ವಿ." ದಕ್ಷಿಣದ ಕೊನೆ ಮುಟ್ಟಿ ಮರಳುವ ಸೂರ್ಯ ಪ್ರತಿ ಜಾಗಕ್ಕೂ ಎರಡು ಸಲ ಬರಲೇಬೇಕಲ್ಲ. ಆ ದೇವಸ್ಥಾನದ ಬೆಳಕನ್ನು ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 1792ರ ಡೇನಿಯಲ್ ಚಿತ್ರಗಳ ಜೊತೆ ಹೋಲಿಸಿ ಅಧ್ಯಯನ ಮಾಡಿದ್ದಾರೆ. ಆಮೇಲೆ ಎದ್ದ ಗೋಡೆಗಳಿಂದ ಬೆಳಕಿನ ದಾರಿಯೇ ಬದಲಾಗಿದೆ. ಅಮ್ಮ ನನಗೆ ಆ ನವೆಂಬರ್ ಸಂಜೆಗಳ ಬಗ್ಗೆ ಒಂದು ದಿನವೂ ಹೇಳಿರಲಿಲ್ಲ.

ಎದುರಿನ ಪ್ಲಾಟಿನಲ್ಲಿ ಆಗಲೇ ಕ್ರೇನ್ ನಿಂತಿತ್ತು. ಟವರ್ ಏರಿದ ಹಾಗೆ ಮೊದಲು ಹೋಗುವುದು ಡಿಸೆಂಬರ್, ಯಾಕೆಂದರೆ ಸೂರ್ಯ ತೀರಾ ಕೆಳಗಿರುವುದು ಆಗ. ಆಮೇಲೆ ಅದರ ಆಚೀಚೆಯ ವಾರಗಳು. ಹೊಸ ಸ್ಲ್ಯಾಬ್ ಬಿದ್ದಾಗಲೆಲ್ಲ ನಾನು ಲೆಕ್ಕ ಹಾಕುತ್ತಿದ್ದೆ. ಅಪ್ಪನಿಗೆ ಹೇಳಲಿಲ್ಲ.

ಈ ಡಿಸೆಂಬರಿನಲ್ಲಿ ಬಿಸಿಲು ನೆಲಕ್ಕೆ ಬೀಳಲಿಲ್ಲ. ಅಪ್ಪ ಎರಡು ದಿನ ಕುರ್ಚಿಯಲ್ಲಿ ಕೂತು ಕಾದರು. ಮೋಡ ಇರಬೇಕು ಅಂದರು. ಮೂರನೇ ದಿನ, ಇಲ್ಲಿಗೆ ಬಂದ ಮೇಲೆ ಮೊದಲ ಸಲ, ನನ್ನನ್ನು ಕೇಳಿದರು.

"ಮಗು, ಮಧ್ಯಾಹ್ನ ಆಯ್ತಾ?"

ಫೋನಿನಲ್ಲಿ 12.32. ಆ ದಿನದ ಲೆಕ್ಕ 12.36.

"ಇನ್ನು ನಾಲ್ಕು ನಿಮಿಷ ಇದೆ ಅಪ್ಪಾ" ಅಂದೆ. ಬಡಿಸಿದ್ದ ಅನ್ನದ ಮೇಲೆ ತಟ್ಟೆ ಮುಚ್ಚಿ ಅವರ ಪಕ್ಕ ಕೂತೆ.